ಬಣ್ಣದ ಚಾಚಾ ಬಳಿದ ಟಾಕಿ

ಹುಸೇನಸಾಬ ಚಾಚಾರ ಉಗುರು ನೋಡಿದರೆ ಆ ವಾರ ಇಳಕಲ್ಲಿನ ಮಗ್ಗಗಳ ಮೇಲೆ ಯಾವ ಬಣ್ಣದ ಸೀರೆ ಏರಿದೆಯೆಂದು ಹೇಳಿಬಿಡಬಹುದಿತ್ತು. ಒಂದು ವಾರ ದಾಳಿಂಬೆ ಕೆಂಪು, ಇನ್ನೊಂದು ವಾರ ನವಿಲಿನ ನೀಲಿ. ಸಾಬೂನು, ಸೀಮೆಎಣ್ಣೆ, ಲಿಂಬೆಹೋಳು ಯಾವುದಕ್ಕೂ ಅದು ಬಗ್ಗುತ್ತಿರಲಿಲ್ಲ. ಮದುವೆಯ ಪಂಕ್ತಿಯಲ್ಲಿ ಪಕ್ಕದವರು ಆ ಕೈ ನೋಡಿ ತುಸು ಸರಿದು ಕೂತರೆ, "ಹೆದರಬ್ಯಾಡ್ರಿ, ಅನ್ನಕ್ಕ ಹತ್ತೂದಿಲ್ಲ, ಪಕ್ಕಾ ಬಣ್ಣ ಐತಿ" ಎಂದು ನಗುತ್ತಿದ್ದರು.

ನೂಲಿಗೆ ಬಣ್ಣ ಹಾಕುವುದು ಅವರ ಕಸುಬು. ವಯಸ್ಸಾಗಿ ಕುದಿಯುವ ಹಂಡೆಯ ಮುಂದೆ ನಿಲ್ಲಲಾಗದಿದ್ದರೂ ಬಣ್ಣದ ಮನೆಯ ಸಾವಕಾರರು ಅವರನ್ನು ಬಿಟ್ಟಿರಲಿಲ್ಲ. ಹೊಸದಾಗಿ ಅದ್ದಿದ ನೂಲಿನ ಲಡಿಯನ್ನು ಹಳೆಯ ಎಳೆಯ ಪಕ್ಕ ಹಿಡಿದು, "ಹೂಂ, ಮೇಳ ಆತು" ಎಂದೋ "ಇನ್ನೊಂದ ಕುದಿ ಬೇಕು" ಎಂದೋ ಹೇಳುವುದಷ್ಟೇ ಅವರ ಕೆಲಸ. ಅವರು ಹೂಂ ಎನ್ನದೆ ಲಡಿ ಮಗ್ಗದ ಮನೆಗೆ ಹೋಗುತ್ತಿರಲಿಲ್ಲ. "ಒಂದ ಲಡಿ ತಪ್ಪಿತಂದ್ರ ಸೀರಿ ನಡಬರಕ ಪಟ್ಟಿ ಎದ್ದ ಕಾಣತೈತಿ ತಮ್ಮಾ. ನೇಯ್ದವನ ದುಡಿಮಿ ನೀರಪಾಲು" ಎನ್ನುತ್ತಿದ್ದರು.

ನಾನು ಅವರ ಪಕ್ಕದ ಮನೆಯವನು. ದಿನಾ ನನ್ನನ್ನು ಹುನಗುಂದದ ಕಚೇರಿಗೆ ಒಯ್ದು ತರುವ ಹಳೆಯ ಬೈಕಿನ ಪೆಟ್ರೋಲ್ ಟಾಕಿ, ಬಿಸಿಲಿಗೂ ಚೆಲ್ಲಿದ ಎಣ್ಣೆಗೂ ಬಣ್ಣ ಸುಲಿದು ತುಕ್ಕು ತೋರಿಸುತ್ತಿತ್ತು. ಪೇಂಟಿನ ಅಂಗಡಿಯವನು, ಟಾಕಿ ಒಂದನ್ನೇ ಬಳಿದರೆ ಉಳಿದದ್ದಕ್ಕೆ ಮೇಳವಾಗುವುದಿಲ್ಲ, ಇಡೀ ಗಾಡಿ ಬಳಿಯಬೇಕು ಎಂದ. ಅದು ನನ್ನ ಕೈಲಿ ಆಗುವ ಮಾತಾಗಿರಲಿಲ್ಲ. ಸಂಜೆ ಕಟ್ಟೆಯ ಮೇಲೆ ಇದನ್ನೇ ಗೊಣಗುತ್ತಿದ್ದಾಗ ಚಾಚಾರ ಕಿವಿ ನೆಟ್ಟಗಾಯಿತು. "ಮೇಳ ಆಗೂದಿಲ್ಲಂತ? ಯಾಂವ ಅಂದಾಂವಾ? ಬಿಚ್ಚ ಟಾಕಿ. ಮನ್ಯಾಗ ಹಚ್ಚೂಣು."

ಭಾನುವಾರ ಟಾಕಿ ಬಿಚ್ಚಿ, ಪೆಟ್ರೋಲು ಬಸಿದು, ಬಾಯಿಗೆ ಅರಿವೆ ತುರುಕಿ ಪಾಲಿಶ್ ಪೇಪರಿನಿಂದ ತಿಕ್ಕಿದೆವು. ತಿಕ್ಕಿದ್ದು ನಾನು, "ಇನ್ನೂ ತಿಕ್ಕು" ಎನ್ನುವ ಕೆಲಸ ಚಾಚಾರದು. ವಾರವಿಡೀ ಕಚೇರಿಯಲ್ಲಿ ಬಾಗಿದ ಸೊಂಟ ಅಲ್ಲೂ ಬಾಗಿತು. ಸ್ಪ್ರೇ ಯಂತ್ರ ನಮಗೆ ಯಾರು ಕೊಡಬೇಕು? ಚಾಚಾರ ಹೆಂಡತಿ, ಚಾಚಿ, ಎತ್ತಿಟ್ಟಿದ್ದ ಸೊಳ್ಳೆ ಔಷಧದ ಹಳೆಯ ಪಂಪು ತೊಳೆದು, ಅದರಲ್ಲೇ ಬಣ್ಣ ಹೊಡೆದೆವು. ಆಮೇಲೆ ಚಾಚಾ ಟಾಕಿಯನ್ನು ನೂಲು ಒಣಹಾಕುವ ಗಳಕ್ಕೆ ತೂಗುಹಾಕಿ, ಲಡಿಯನ್ನು ತಿರುಗಿಸುವ ರೂಢಿಯಂತೆ ಅದನ್ನೂ ಆಗಾಗ ತಿರುಗಿಸುತ್ತ ಕೂತರು. ಹಾಗೆ ತಿರುಗಿಸದಿದ್ದರೆ ನೂಲಿನ ಬಣ್ಣವೆಲ್ಲ ಕೆಳಕ್ಕೆ ಇಳಿಯುತ್ತದೆ. ಆದರೆ ತಗಡಿನ ಮೇಲೆ ಬಣ್ಣ ನಾಲ್ಕೂ ಕಡೆ ಹರಿದು, ಬಸವನಹುಳು ಅಡ್ಡಾಡಿದ ಹಾಗೆ ಗೆರೆಗಳು ಎದ್ದವು. ಮುಂದಿನ ಭಾನುವಾರ ಮತ್ತೆ ತಿಕ್ಕಿದೆ.

ಎರಡನೆಯ ಸಲ ಗೆರೆ ಬರಲಿಲ್ಲ. ಆದರೆ ಟಾಕಿ ಕೂಡಿಸಿ ನೋಡಿದರೆ ಗಾಡಿ ಕುಂಕುಮಗೆಂಪು, ಟಾಕಿ ಬದನೆಕಾಯಿ. ಚಾಚಾ ದೂರ ನಿಂತು ನೋಡಿದರು, ಹತ್ತಿರ ಬಂದು ನೋಡಿದರು. "ಒಂದs ಆಗೈತಿ" ಎಂದರು. ಚಹಾ ತಂದ ಚಾಚಿ, "ಕಣ್ಣ ಎಲ್ಲಿ ಇಟ್ಟೀರಿ? ಬದನಿಕಾಯಿ ಆಗೈತಿ" ಎಂದು ಒಳಗೆ ಹೋದರು. ಚಾಚಾ ನನ್ನ ಮುಖ ನೋಡಿದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ.

"ಎರಡೂ ಬ್ಯಾರೆ ಬ್ಯಾರೆ ಅದಾವ್ರಿ ಚಾಚಾ."

ಅವರು ಟಾಕಿಯ ಮೇಲೆ ಒಮ್ಮೆ ಕೈಯಾಡಿಸಿ, "ಇದನ್ನ ತಗೊಂಡ ಸಾವಕಾರನ ಓಣ್ಯಾಗ ಹಾಯಬ್ಯಾಡ" ಎಂದರು. ಉಳಿದದ್ದನ್ನೂ ಅವರೇ ಹೇಳಿದರು. ಬಾಗಲಕೋಟೆಯ ಕಣ್ಣಿನ ದವಾಖಾನೆಗೆ ಅವರು ಯಾರಿಗೂ ಹೇಳದೆ ಹೋಗಿ ಬಂದಿದ್ದರು. "ಪೊರಿ ಅಲ್ಲಂತ, ಒಳಗಿನ ನರಾನs ಒಣಗ್ಯಾವಂತ. ಹೋದ ನೋಟ ಇನ್ನ ತಿರಗಿ ಬರೂದಿಲ್ಲಂತ. ಸಾವಕಾರಗ ಹೇಳಿಲ್ಲ. ಹೇಳಿದ್ರ ಮುಂಜಾನೆದ್ದ ನಾ ಎಲ್ಲಿಗ ಹೋಗ್ಲಿ?" ಆ ವಾರ ನಾನು ಗಾಡಿ ಮನೆಯಲ್ಲೇ ಬಿಟ್ಟು ಬಸ್ಸಿಗೆ ಜೋತುಬಿದ್ದು ಹುನಗುಂದಕ್ಕೆ ಹೋದೆ.

ಮೂರನೆಯ ಸಲಕ್ಕೆ ಅವರೇ ಕರೆದರು. "ನಾ ಕಲಸ್ತೇನಿ. ನೀ ನೋಡು." ಕೆಂಪಿಗೆ ಹನಿ ಹನಿ ಕಪ್ಪು ಬಿಟ್ಟು, ಒಂದು ನೂಲಿನೆಳೆ ಅದ್ದಿ ಬಿಸಿಲಿಗೆ ಹಿಡಿದು ಒಣಗಿಸಿ ನನ್ನ ಕೈಗೆ ಕೊಡುತ್ತಿದ್ದರು. ನಾನು ಅದನ್ನು ಗಾಡಿಗೆ ಹಿಡಿದು, ಕಪ್ಪಾಯಿತು, ತೆಳುವಾಯಿತು ಎನ್ನುತ್ತಿದ್ದೆ. ಯಾರ ಮಾತನ್ನೂ ಕೇಳದ ಮನುಷ್ಯ ಅವತ್ತು ನನ್ನ ಒಂದು ಮಾತಿಗೂ ಎದುರಾಡಲಿಲ್ಲ.

"ಈಗ?"

"ಈಗ ಆತ್ರಿ."

"ಖರೆ?"

"ಖರೇನರಿ."

ಆ ಬಣ್ಣ ಹೊಡೆದು, ಒಣಗಿಸಿ, ಟಾಕಿ ಕೂಡಿಸಿದ ಮರುದಿನ ಮುಂಜಾನೆ ಚಾಚಾ ನನ್ನ ಹಿಂದೆ ಕೂತರು. "ಸಾವಕಾರನ ಕಡೆ ಬಿಡು" ಎಂದರು. ಗಾಡಿಯ ಸದ್ದಿಗೆ ಹೊರಬಂದ ಸಾವಕಾರರು ಟಾಕಿ ನೋಡಿ ಅದರ ಸುತ್ತ ಒಂದು ಸುತ್ತು ಹಾಕಿದರು. ಎಲ್ಲಿ ಹಳೆಯ ಬಣ್ಣ ಮುಗಿದು ಎಲ್ಲಿ ಹೊಸದು ಸುರುವಾಗಿದೆಯೆಂದು ಅವರಿಗೂ ಗೊತ್ತಾಗಲಿಲ್ಲ. "ಮನ್ಯಾಗ ಹಚ್ಚಿದ್ದಾ? ಏನ ಕಣ್ಣಪಾ ಸಾಬಂದು! ಕಣ್ಣ ಮಂದ ಆಗ್ಯಾವಂತ ಮಂದಿ ಏನೇನರ ಅಂತಾರ. ನಿನ್ನ ಬಿಟ್ಟ ಬ್ಯಾರೆಯವರಿಗೆ ನಾ ಲಡಿ ತೋರ್ಸಾಂವಲ್ಲ ತಗೋ."

ಚಾಚಾ ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರಲಿ ದೇವರೇ ಎಂದು ನಾನೂ ಹ್ಯಾಂಡಲ್ ಹಿಡಿದುಕೊಂಡು ನಿಂತಿದ್ದೆ.

"ಕಲಸಿದ್ದಷ್ಟs ನಾ," ಎಂದರು ಚಾಚಾ. "ನೋಡಿದ್ದು ಈ ಹುಡುಗನ ಕಣ್ಣು. ನನಗ ಈಗ ಕೆಂಪ ಯಾವುದು, ಬದನಿ ಯಾವುದು ತಿಳಿವಲ್ದು ಸಾವಕಾರ. ಇನ್ನ ಮ್ಯಾಲ ಲಡಿ ಬ್ಯಾರೆಯವರಿಗೆ ತೋರಸ್ರಿ."

ಅವತ್ತಿನಿಂದ ಚಾಚಾ ಕಟ್ಟೆ ಬಿಟ್ಟು ಇಳಿದದ್ದು ಕಡಿಮೆ. ನಾನು ಸಂಜೆ ದಣಿದು ಬಂದು ಗಾಡಿ ನಿಲ್ಲಿಸಿದರೆ, ಯಾವ ಮನೆಯ ಮುಂದೆ ಯಾವ ಬಣ್ಣದ ನೂಲು ಒಣಗುತ್ತಿದೆ ಎಂದು ಕೇಳುತ್ತಿದ್ದರು. ಹೇಳುತ್ತಿದ್ದೆ. ಕೆಲವು ಸಲ ಹೇಳಲು ಬೇಸರವೂ ಆಗುತ್ತಿತ್ತು.

ಈ ಚಳಿಗಾಲದಲ್ಲಿ ಅವರು ಹೋದರು. ಮಣ್ಣು ಕೊಟ್ಟು ಬರುವಾಗ ಸಾವಕಾರರು ನನ್ನ ಜೊತೆ ನಡೆಯುತ್ತಿದ್ದರು. ಬಣ್ಣದ ಮನೆಯ ತಿರುವು ಬಂದಾಗ ನಿಂತರು.

"ತಾನಾಗಿ ಬಾಯಿ ಬಿಡದಿದ್ರ ಸಾಬನ ಕಣ್ಣಿಂದು ನನಗ ಗೊತ್ತs ಆಗತಿದ್ದಿಲ್ಲ ನೋಡ್ರಿ," ಎಂದರು.

"ಅದಕ್ಕs ಚಾಚಾ ಹೇಳಿದ್ದರಿ," ಎಂದೆ.