ಅಮ್ಮ ಮುಟ್ಟದ ರೊಟ್ಟಿ

ಪಿರಿಯಾಪಟ್ಟಣದ ನಮ್ಮ ಸಭೆಗೆ ಮಿಷನ್ನೂ ಇಲ್ಲ, ಬಿಷಪ್ಪೂ ಇಲ್ಲ. ಶೀಟು ಹೊದಿಸಿದ ಬಾಡಿಗೆ ಕೋಣೆ, ಹದಿನೈದಿಪ್ಪತ್ತು ಮನೆಯವರು, ವಾರವೆಲ್ಲ ಬಟ್ಟೆ ಹೊಲಿದು ಭಾನುವಾರ ಪ್ರಸಂಗ ಮಾಡುವ ಒಬ್ಬ ಪಾಸ್ಟರ್. ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ‘ನಾವು ನಂಬುವುದು’ ಅಂತ ಏಳು ಸಾಲು ಬರೆದಿದೆ. ದೇವರು ಒಬ್ಬನೇ, ವಾಕ್ಯವೇ ಆಧಾರ, ನಂಬಿದವರಿಗೆ ನೀರಲ್ಲಿ ಮುಳುಗಿಸಿ ದೀಕ್ಷಾಸ್ನಾನ, ಹೀಗೆ. ಆರನೆಯದು: ನಿನ್ನಿಂದ ಯಾರ ಮನಸ್ಸಾದರೂ ನೊಂದಿದ್ದರೆ ಮೊದಲು ಅವರ ಹತ್ತಿರ ಹೋಗು, ಆಮೇಲೆ ಕರ್ತನ ಮೇಜಿಗೆ ಬಾ.

ಅಮ್ಮನನ್ನು ಹಿಡಿದುಕೊಂಡದ್ದು ಈ ಆರನೆಯದೇ. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿಯ ಒಂದೊಂದು ಚೂರು ಮುರಿದು ತಿನ್ನುವುದು. ಅದಕ್ಕೆ ಗೋಧಿ ರೊಟ್ಟಿ ಸುಡುವವಳು ಅವಳು. ಆದರೆ ತಟ್ಟೆ ತನ್ನ ಮುಂದೆ ಬಂದಾಗ ಮುಟ್ಟದೆ ನನ್ನ ಕೈಗೆ ದಾಟಿಸುತ್ತಿದ್ದಳು. ಆರು ವರ್ಷ ಹೀಗೇ ನಡೆಯಿತು. ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿರುವ ನನ್ನ ತಮ್ಮನ ಜೊತೆ ಜಗಳವಾಡಿ ಮಾತು ಬಿಟ್ಟಿದ್ದ ನಾನು ಮಾತ್ರ ನಿಶ್ಚಿಂತೆಯಿಂದ ತಿನ್ನುತ್ತಿದ್ದೆ.

ಕಾರಣ ರಾವಂದೂರಿನ ದೊಡ್ಡಮ್ಮ, ಅಮ್ಮನ ಒಡಹುಟ್ಟಿದ ಅಕ್ಕ. ಅಮ್ಮ ದೀಕ್ಷಾಸ್ನಾನ ತೆಗೆದುಕೊಂಡ ವರ್ಷ ಅವರ ಮನೆಯಲ್ಲಿ ಹಿರಿಯರ ಹಬ್ಬಕ್ಕೆ ಹೋಗಿದ್ದೆವು. ತಾತನ ಫೋಟೋ ಮುಂದೆ ಎಡೆ ಇಟ್ಟು, ಆಮೇಲೆ ಅದೇ ಅಡುಗೆಯನ್ನು ಎಲ್ಲರಿಗೂ ಬಡಿಸಿದರು. ಎಡೆ ಇಟ್ಟದ್ದನ್ನು ನಮ್ಮ ಸಭೆಯವರು ತಿನ್ನುವುದಿಲ್ಲ. ಅದನ್ನು ಮೊದಲೇ ಮೆತ್ತಗೆ ಹೇಳಬಹುದಿತ್ತು. ಅಮ್ಮನದು ಹೊಸ ಹುರುಪು; ನೆಂಟರ ಸಾಲಿನಲ್ಲಿ ಎಲೆ ತಳ್ಳಿ, “ಸತ್ತೋರಿಗೆ ಇಟ್ಟಿದ್ದು ನಾ ತಿನ್ನಾಕಿಲ್ಲ” ಅಂತ ಎದ್ದುಬಿಟ್ಟಳು.

“ಅಪ್ಪನ್ನೇ ಬ್ಯಾಡ ಅಂದ್ಬುಟ್ಟಲ್ಲೇ” ಅಂದ ದೊಡ್ಡಮ್ಮ ಅವತ್ತಿನಿಂದ ಮಾತು ಬಿಟ್ಟರು.

“ಅಕ್ಕನಿಗೆ ಫೋನ್ ಮಾಡಿ ಮಾಡಿ ಸೋತಿದೀರ. ಅವರೇ ಎತ್ತಲ್ಲ. ರೊಟ್ಟಿ ತಗೊಳ್ಳಿ ಅಮ್ಮ” ಅಂದರು ಒಮ್ಮೆ ಪಾಸ್ಟರ್.

“ಗೋಡೆ ಮ್ಯಾಲೆ ಓಗು ಅಂತ ಬರ್ದದೆ ಅಯ್ನೋರೆ, ಫೋನ್ ಮಾಡು ಅಂತಿಲ್ಲ” ಅಂದಳು ಅಮ್ಮ. ಹೋಗಲು ಅವಳಿಗೆ ಭಯ. ಬಾಗಿಲಲ್ಲೇ ನಿಲ್ಲಿಸಿಬಿಟ್ಟರೆ?

ಹೋದ ವರ್ಷ ಹಿರಿಯರ ಹಬ್ಬದ ದಿನ ನನಗೆ ತಡೆಯಲಾಗಲಿಲ್ಲ. “ತಿನ್ನದೇ ಇರೋ ರೊಟ್ಟಿ ಯಾಕೆ ಸುಡ್ತೀಯ? ನಡಿ” ಅಂತ ಗದರಿ ರಾವಂದೂರು ಬಸ್ಸು ಹತ್ತಿಸಿದೆ. ಪ್ರೀತಿಯಿಂದಲ್ಲ, ಸಿಟ್ಟಿನಿಂದಲೇ.

ದೊಡ್ಡಮ್ಮ ಬಾಗಿಲಿಗೆ ಬಂದರು. ಅಮ್ಮ ಚಪ್ಪಲಿಯನ್ನೂ ಬಿಡದೆ ಶುರುಮಾಡಿದಳು. “ಅಕ್ಕ, ನಾ ನಂಬಿರೋದ್ನ ಬುಡಾಕಾಗಾಕಿಲ್ಲ. ಆದ್ರೆ ಅವತ್ತು ನಾಕ್ ಜನದ್ ಮುಂದೆ ಅಂಗೆ ಎದ್ದಿದ್ದು ತಪ್ಪಾಯ್ತು.”

ದೊಡ್ಡಮ್ಮ ತಿರುಗಿ ಒಳಗೆ ಹೋದರು. ಮುಗಿಯಿತು ಅಂದುಕೊಂಡು ನಾನು ಅಮ್ಮನ ಕೈ ಹಿಡಿದೆ. ಅಷ್ಟರಲ್ಲಿ ಅವರು ಮುಚ್ಚಳ ಹಾಕಿದ ಒಂದು ಸ್ಟೀಲ್ ಡಬ್ಬಿ ಹಿಡಿದುಕೊಂಡು ಬಂದರು.

“ಕೂತ್ಕ. ಎಡೆ ಇಡೋಕೆ ಮುಂಚೆ ತಗ್ದಿದ್ದು ಇದು. ಉಣ್ಣು.”

ಅಮ್ಮ ಡಬ್ಬಿಯನ್ನೇ ನೋಡಿದಳು. “ನಾ ಬತ್ತೀನಿ ಅಂತ ಯಾರ್ ಏಳುದ್ರು?”

“ಯಾರ್ ಏಳಾರು? ವರ್ಸ ವರ್ಸಾನೂ ತಗ್ದಿಡ್ತೀನಿ ಕಣೆ. ನೀ ಬರ್ನಿಲ್ಲ. ಸಂಜೆಗೆ ನಾನೇ ಉಣ್ತಿದ್ದೆ.”

ಅಮ್ಮ ಅಳುತ್ತಲೇ ಉಂಡಳು, ದೊಡ್ಡಮ್ಮ ಬೈಯುತ್ತಲೇ ಬಡಿಸಿದರು.

ಮುಂದಿನ ತಿಂಗಳ ಮೊದಲ ಭಾನುವಾರ ತಟ್ಟೆ ಬಂದಾಗ ಅಮ್ಮ ರೊಟ್ಟಿಯ ಒಂದು ಚೂರು ಮುರಿದುಕೊಂಡು ಕಣ್ಣು ಮುಚ್ಚಿದಳು. ಆಮೇಲೆ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ನನಗೆ ತಮ್ಮನ ನೆನಪಾಯಿತು. ನಾನು ಮುಟ್ಟದೆ ಪಕ್ಕದವರಿಗೆ ದಾಟಿಸಿದೆ.