ಒರಲೆ ತಿಂದ ಪುಸ್ತಕ

ನಮ್ಮ ಮನೆಗೆ ಹನ್ನೆರಡು ವರ್ಷಗಳಿಂದ ಮೀನು ತರುವವಳು ಮಾಜಾಳಿಯವಳು. ಬೆಳಗಿನ ಬಸ್ಸಿಗೆ ಕಾರವಾರಕ್ಕೆ ಬಂದು, ಬುಟ್ಟಿ ಹೊತ್ತು ನಮ್ಮ ಓಣಿ ತಲುಪುವಾಗ ಎಂಟು ಗಂಟೆ. ನನಗೆ ಎಂಥ ಬಂಗಡೆ ಆಗಬೇಕೆಂಬುದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಸ್ವಲ್ಪ ಹಳತಾಗಿದ್ದರೆ ಕೇಳಿದರೂ ಕೊಡುವುದಿಲ್ಲ. "ಇದು ನಿಮಗೆ ಬ್ಯಾಡ ಅಕ್ಕೋರೆ" ಎಂದು ಬುಟ್ಟಿ ಮುಚ್ಚಿಬಿಡುತ್ತಾಳೆ. ಅಂಥವಳಿಗೆ ನಾನು ಸುಳ್ಳು ಹೇಳಿದೆ. ಬಾಯಿಬಿಟ್ಟು ಒಪ್ಪಿಕೊಳ್ಳುವ ಧೈರ್ಯವಿಲ್ಲದ್ದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಮೊಬೈಲಿಗೂ ನನಗೂ ಎಣ್ಣೆ ಸೀಗೇಕಾಯಿ ಸಂಬಂಧ. ಇವತ್ತಿಗೂ ಶಾಯಿ ಪೆನ್ನಿನಲ್ಲೇ ಬರೆಯುತ್ತೇನೆ, ಅದನ್ನು ನಾಲ್ಕು ಜನರೆದುರು ಹೇಳಿಕೊಳ್ಳುತ್ತೇನೆ ಕೂಡ. ಯಾವ ಶಾಲೆಯವರು ಭಾಷಣಕ್ಕೆ ಕರೆದರೂ ನನ್ನದು ಒಂದೇ ರಾಗ: ಮೊಬೈಲು ಕೆಳಗಿಡಿ, ಪುಸ್ತಕ ಹಿಡಿಯಿರಿ, ಓದಿದ್ದನ್ನು ಇನ್ನೊಬ್ಬರಿಗೆ ಕೊಡಿ. ಮಕ್ಕಳು ಪಾಪ ಚಪ್ಪಾಳೆ ತಟ್ಟುತ್ತಿದ್ದವು.

ನನ್ನ ಪುಸ್ತಕಗಳಲ್ಲಿ ಅರ್ಧ ಅಂಕೋಲೆಯ ತವರಿನಿಂದ ಬಂದವು, ಅಪ್ಪನವು. ಮೀನುಂಡ ಕೈಯನ್ನು ಎರಡು ಸಲ ಸಾಬೂನು ಹಾಕಿ ತೊಳೆಯದೆ ಪುಸ್ತಕ ಮುಟ್ಟುವ ಹಾಗಿಲ್ಲ ಎಂಬುದು ಅಪ್ಪನ ಕಟ್ಟಪ್ಪಣೆ. ತೊಳೆದ ಕೈಯನ್ನು ಮೂಸಿ ನೋಡಿಯೇ ಅವರು ಕಪಾಟಿನ ಕೀಲಿ ಕೊಡುತ್ತಿದ್ದರು. ದಿನಕ್ಕೆರಡು ಹೊತ್ತು ಮೀನು ತಿನ್ನುವ ಮನೆಯಲ್ಲಿ ಈ ಮಡಿ ಎಲ್ಲಿಂದ ಬಂತೋ, ನನಗೂ ಅಂಟಿಕೊಂಡಿತು.

ಹೋದ ವರ್ಷ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಜಗಲಿಯಲ್ಲಿ ಕುಳಿತು ಅಪ್ಪನ ಒಂದು ಹಳೆಯ ಕಾದಂಬರಿ ಓದುತ್ತಿದ್ದೆ. ಸಣ್ಣ ಪುಸ್ತಕ, ನೂರಿಪ್ಪತ್ತು ಪುಟ. ಈ ಕರಾವಳಿಯಲ್ಲಿ ಹಾಯಿಹಡಗಿನ ವ್ಯಾಪಾರ ನಡೆಯುತ್ತಿದ್ದ ಕಾಲದ ಕತೆ. ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅವಳು ಬುಟ್ಟಿ ಇಳಿಸಿ ಮುಖಪುಟದ ಹಾಯಿಹಡಗಿನ ಚಿತ್ರವನ್ನೇ ನೋಡಿದಳು.

"ಅದು ಮಚವೆ ಅಲ್ದ್ರಾ ಅಕ್ಕೋರೆ? ನಮ್ಮಜ್ಜ ಅದ್ರಲ್ಲೇ ಹಂಚು ಹೇರ್ಕಂಡು ಹೋಗ್ತಿದ್ದ ಹೇಳಿ ಅಮ್ಮ ಯಾವಾಗ್ಲೂ ಹೇಳ್ತದೆ. ನಿಮ್ದು ಓದಿ ಆದ್ಮೇಲೆ ನಂಗೆ ಕೊಡ್ರಾ. ಏಳನೇತ್ತೆ ತನಕ ಕಲ್ತಿದ್ದೆ, ನಿಧಾನಕ್ಕೆ ಓದ್ತೆ. ಅಮ್ಮಂಗೂ ಓದಿ ಹೇಳ್ತೆ."

"ಮುಗಿಯಲಿ, ಕೊಡ್ತೇನೆ" ಎಂದೆ. ಎನ್ನುವಾಗ ನನ್ನ ಕಣ್ಣು ಇದ್ದದ್ದು ಅವಳ ಬೆರಳುಗಳ ಮೇಲೆ, ಉಗುರಿನ ಸಂದಿಯಲ್ಲಿ ಅಂಟಿದ ಮೀನಿನ ಹುರುಪೆಯ ಮೇಲೆ. ಅಪ್ಪನ ಪುಸ್ತಕದ ಹಾಳೆ ಹಾಳೆಗೂ ಮೀನು ನಾರುವುದನ್ನು ಆಗಲೇ ಕಲ್ಪಿಸಿಕೊಂಡೆ. ಅದೇ ಬೆರಳು ಸುಲಿದುಕೊಟ್ಟ ಶೆಟ್ಲಿ ಸಿಗಡಿಯ ಸಾರು ಆ ಮಧ್ಯಾಹ್ನ ಎರಡು ಸಲ ಹಾಕಿಕೊಂಡು ಉಂಡೆ. ಹೇಳೋದು ಶಾಸ್ತ್ರ, ಹಾಕೋದು ಗಾಳ.

ಅವಳು ಮತ್ತೆ ಎರಡು ಸಲ ಕೇಳಿದಳು. ಅದು ಅಪ್ಪನದು, ಈಗ ಎಲ್ಲೂ ಸಿಗುವುದಿಲ್ಲ, ಸ್ವಲ್ಪ ತಡೆ ಎಂದು ಸಾಗಹಾಕಿದೆ. ಮೂರನೆಯ ಸಲ ಕೇಳಿದಾಗ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ಏನು ಹೇಳ್ಲಿ ಮಾರಾಯ್ತಿ, ಆ ಪುಸ್ತಕಕ್ಕೆ ಒರಲೆ ಹಿಡಿದು ಪೂರಾ ತಿಂದುಬಿಡ್ತು."

ನಮ್ಮ ಕಡೆ ಇದು ಯಾರೂ ಅನುಮಾನಿಸದ ಸುಳ್ಳು. ಬಾಗಿಲ ಚೌಕಟ್ಟನ್ನೇ ಬಿಡದ ಗೆದ್ದಲು ಪುಸ್ತಕ ಬಿಟ್ಟೀತೇ? ಆದರೆ ಅವಳ ಮುಖ ಸಣ್ಣದಾಯಿತು. ಅದು ತನಗೆ ಪುಸ್ತಕ ಸಿಗಲಿಲ್ಲವೆಂದಲ್ಲ. "ಅಯ್ಯೋ ದೇವ್ರೆ, ನಿಮ್ಮಪ್ಪಂದು ಅಲ್ದ್ರಾ ಅದು! ಈಗ ಎಲ್ಲೂ ಸಿಗೂದಿಲ್ಲ ಹೇಳಿದ್ರಿ!" ಎಂದು ನನಗಾಗಿ ಮರುಗಿದಳು. ಆ ಮರುಕ ನನ್ನಿಂದ ತಡೆಯಲಾಗಲಿಲ್ಲ. "ಪುಣ್ಯಕ್ಕೆ ಮೊದಲೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟಿದ್ದೆ. ಕಳಿಸಿಕೊಡ್ತೇನೆ" ಎಂದೆ. ಫೋಟೋ ಎಲ್ಲಿತ್ತು? ಒಂದೂ ಇರಲಿಲ್ಲ.

ಎರಡು ದಿನ ಬಾಗಿಲು ಹಾಕಿಕೊಂಡು ಫೋಟೋ ತೆಗೆದೆ. ಎಡಗೈಯಲ್ಲಿ ಪುಸ್ತಕ ಅದುಮಿ ಹಿಡಿದರೆ ಬಲಗೈಯ ಮೊಬೈಲು ನಡುಗುತ್ತಿತ್ತು. ಕೆಲವು ಪುಟ ಮಸುಕು, ಕೆಲವದರ ಮೇಲೆ ನನ್ನದೇ ಹೆಬ್ಬೆರಳು. ಎಂಬತ್ತನೆಯ ಪುಟಕ್ಕೆ ಜಾಗ ತುಂಬಿದೆ ಎಂದು ಯಂತ್ರ ಮುಷ್ಕರ ಹೂಡಿತು. ಯಾರ್ಯಾರೋ ಕಳಿಸಿದ ಶುಭೋದಯದ ಹೂಗಳನ್ನೆಲ್ಲ ಅಳಿಸಿ ಮುಂದುವರಿಸಿದೆ. ಕಳಿಸಿದ ಮೇಲೆ ನೋಡಿದರೆ ಪುಟಗಳು ಹಿಂದುಮುಂದು. ಒಂದು ಪುಸ್ತಕವನ್ನು ಅವಳ ಕೈಗಿಡುವುದಕ್ಕೆ ಅರ್ಧ ನಿಮಿಷ ಸಾಕಿತ್ತು. ಕೊಡದೆ ಇರುವುದಕ್ಕೆ ನಾನು ಎರಡು ದಿನ ಬೆನ್ನು ಮುರಿದುಕೊಂಡೆ, ಅದೂ ಹೋದಲ್ಲೆಲ್ಲ ಬೈಯುತ್ತಿದ್ದ ಮೊಬೈಲನ್ನೇ ಹಿಡಿದು.

ಮಳೆಗಾಲಕ್ಕೆ ಮೀನುಗಾರಿಕೆ ಬಂದ್ ಆಯಿತು. ಅವಳು ಬರಲಿಲ್ಲ, ನಾನೂ ವಿಷಯ ಮರೆತೆ. ನಿಜ ಹೇಳಬೇಕೆಂದರೆ, ಮರೆತರೆ ಸುಖವೆಂದು ಮರೆತೆ.

ಆಗಸ್ಟಿನಲ್ಲಿ ದೋಣಿಗಳು ಮತ್ತೆ ಇಳಿದ ಮೇಲೆ ಒಂದು ದಿನ ಬಂದಳು. ಬುಟ್ಟಿ ಇಳಿಸಿದವಳು ಮೀನು ತೆಗೆಯಲಿಲ್ಲ. ನಮ್ಮ ಅಂಗಳದ ನಲ್ಲಿಯಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿ, ಚೀಲದಿಂದ ಪ್ಲಾಸ್ಟಿಕ್ ಸುತ್ತಿದ ಎರಡು ನೋಟ್‌ಬುಕ್ ತೆಗೆದು ನನ್ನ ಕೈಗಿಟ್ಟಳು.

"ನಿಮ್ಮ ಪುಸ್ತಕ ಅಕ್ಕೋರೆ. ಪೂರಾ ಬರ್ದೆ. ಮೊಬೈಲು ನಂದಾಗ್ಲಿ ನಿಮ್ದಾಗ್ಲಿ, ಒಂದಿನ ನೀರಿಗೆ ಬಿದ್ರೆ ಎಲ್ಲಾ ಹೋಯ್ತು. ನಿಮ್ಮಪ್ಪಂದು ಇದೊಂದೇ ಉಳ್ದದ್ದು ಅಲ್ದ್ರಾ? ಅದ್ಕೇ ಎರಡು ತಿಂಗ್ಳು ಕೂತ್ಕಂಡು ಬರ್ದೆ. ಮೀನಿನ ಕೈಲಿ ಮುಟ್ಲಿಲ್ಲ ಅಕ್ಕೋರೆ, ಮಿಂದ್ಕಂಡೇ ಬರ್ದದ್ದು."

ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ. ಬೆನ್ನ ಹಿಂದೆ ಗಾಜಿನ ಕಪಾಟಿನಲ್ಲಿ ಅಸಲು ಪುಸ್ತಕ ನೆಟ್ಟಗೆ ನಿಂತಿತ್ತು. ಆಗಲೇ ಹೇಳಬಹುದಿತ್ತು. ನೋಟ್‌ಬುಕ್ ಬಿಡಿಸಿ ನೋಡಿದೆ.

ನೀಲಿ ಬಾಲ್‌ಪೆನ್ನಿನ ದುಂಡು ಅಕ್ಷರ. ಅಲ್ಲಲ್ಲಿ ಗೆರೆ ಎಳೆದು ಖಾಲಿ ಬಿಟ್ಟಿದ್ದಳು. "ಅಲ್ಲೆಲ್ಲ ನಿಮ್ಮ ಹೆಬ್ಬೆಟ್ಟು ಬಂದದೆ, ಕಾಣೂದಿಲ್ಲ" ಎಂದು ನಕ್ಕಳು. "ನಿಮಗೆ ನೆನಪಿದ್ರೆ ಬರೀರಿ."

ಅವಳು ಹೋದ ಮೇಲೆ ನಾನು ಮಾಡಿದ ಮೊದಲ ಕೆಲಸ ಆ ನೋಟ್‌ಬುಕ್ಕನ್ನು ಮೂಗಿನ ಹತ್ತಿರ ಹಿಡಿದದ್ದು. ಬರೆಯುವಾಗಲೂ ಕೈ ನಾಚುತ್ತಿದೆ. ಸಾಬೂನಿನ ವಾಸನೆ ಇತ್ತು, ಅಷ್ಟೇ.

ಆಮೇಲೆ ಬಾಗಿಲು ಹಾಕಿ, ಕಪಾಟಿನಿಂದ ಅಸಲು ಪುಸ್ತಕ ತೆಗೆದು, ನನ್ನ ಘನವಾದ ಶಾಯಿ ಪೆನ್ನಿನಿಂದ ಖಾಲಿ ಜಾಗಗಳನ್ನು ತುಂಬಿದೆ. ಎಲ್ಲವನ್ನೂ ತುಂಬಿದರೆ ಅನುಮಾನ ಬಂದೀತೆಂದು ಎರಡು ಕಡೆ ಬೇಕೆಂದೇ ಬಿಟ್ಟೆ. ಮೂವತ್ತು ವರ್ಷ ಮಕ್ಕಳ ನಕಲು ಹಿಡಿದವಳಿಗೆ ನಕಲು ಹೊಡೆಯುವುದು ಚೆನ್ನಾಗಿಯೇ ಬರುತ್ತಿತ್ತು.

ಮುಂದಿನ ವಾರ ಅವಳು ಜಗಲಿಯ ಮೆಟ್ಟಿಲಲ್ಲಿ ಕುಳಿತು, ತುಂಬಿದ ಸಾಲುಗಳನ್ನು ಬೆರಳಿಟ್ಟು ಓದಿದಳು.

"ಎಂತಾ ನೆನಪು ಅಕ್ಕೋರೆ ನಿಮ್ದು! ಒರಲೆ ಕಾಗದ ತಿಂದೀತು, ತಲೇಲಿದ್ದದ್ದು ಹ್ಯಾಂಗೆ ತಿಂತದೆ? ನನ್ನ ಮಗಳಿಗೆ ಹೇಳ್ತೆ, ಓದೂದು ಅಂದ್ರೆ ಹೀಂಗೆ ಹೇಳಿ."

ನೋಟ್‌ಬುಕ್ ನೀನೇ ಇಟ್ಟುಕೊ ಎಂದೆ. ಅವಳು ಒಪ್ಪಲೇ ಇಲ್ಲ. "ಬ್ಯಾಡ್ರಾ, ನಿಮ್ಮ ಮನೆ ಪುಸ್ತಕ ನಿಮ್ಮನೇಲೇ ಇರ್ಬೇಕು" ಎಂದು ಜಗಲಿಯ ಮೇಲಿಟ್ಟಳು. ಬುಟ್ಟಿ ಎತ್ತಿಕೊಳ್ಳಲು ಬಗ್ಗಿದವಳು ಏನೋ ನೆನಪಾಗಿ ತಿರುಗಿ, ಬಹಳ ಸಂಕೋಚದಿಂದ ಕೇಳಿದಳು:

"ಅಮ್ಮಂಗೆ ಕಡೇ ಭಾಗ ಓದಿ ಹೇಳೂದು ಉಳ್ದದೆ. ನಾಕು ದಿನಕ್ಕೆ ತಕಂಡು ಹೋಗ್ಲಾ? ಹಾಳು ಮಾಡೂದಿಲ್ಲ ಅಕ್ಕೋರೆ."

ಅವಳೇ ಬರೆದ ಆ ನೋಟ್‌ಬುಕ್ಕುಗಳನ್ನು ಅವಳ ಕೈಗೆ ಕೊಡುತ್ತ, ಇಷ್ಟು ವರ್ಷದ ಅಭ್ಯಾಸಕ್ಕೆ ನನ್ನ ಬಾಯಿ ತಾನಾಗಿ ಹೇಳಿತು: "ಜೋಪಾನ. ಕೈ ತೊಳ್ಕೊಂಡು ಮುಟ್ಟು."