ಕನ್ನಡಿಯಂಥ ಅಲಗು, ಕರಿ ಅಲಗು

ಚಾಕು ಮಾಡುವ ಮಾವನಿಗೆ ಬೀದಿಯವರಿಟ್ಟ ಹೆಸರು ಕನ್ನಡಿ ಮಾವ. ಅವರ ಕೈಯಿಂದ ಹೊರಬೀಳುವ ಪ್ರತಿ ಅಲಗಿನಲ್ಲೂ ಮುಖ ಕಾಣಬೇಕು. ಮಗ ಬಸ್ಸು ಓಡಿಸಲು ಹೋದ ಮೇಲೆ ಕುಲುಮೆಗೆ ಕೈಜೋಡಿಸಿದವಳು ಸೊಸೆ. ಸುತ್ತಿಗೆ ಹಿಡಿದರೆ ಅವಳಿಗೆ ಎಲ್ಲಿಲ್ಲದ ಹುಮ್ಮಸ್ಸು. ಉಜ್ಜುವುದೆಂದರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಒರಟು ಎಮೆರಿ ಪೇಪರಿನಿಂದ ಶುರುಮಾಡಿ, ನಯವಾದದ್ದಕ್ಕೆ ಬಂದು, ಕೊನೆಗೆ ಬಟ್ಟೆಯ ಚಕ್ರಕ್ಕೆ ಹಿಡಿಯುವಷ್ಟರಲ್ಲಿ ಅಲಗಿನ ಜೊತೆ ಉಗುರೂ ಸವೆದಿರುತ್ತಿತ್ತು.

ಮಾವ ಇದ್ದಿಲು ತರಲು ಹೋಗಿದ್ದಾಗ ಅವಳೊಂದು ಅಲಗು ಬಡಿದಳು. ಕತ್ತರಿಸುವ ಅಂಚನ್ನಷ್ಟೇ ಉಜ್ಜಿದಳು. ಮೇಲ್ಭಾಗದಲ್ಲಿ ಬೆಂಕಿಯ ಕಪ್ಪು, ಸುತ್ತಿಗೆಯ ಗುಳಿಗಳು ಹಾಗೇ ಉಳಿದವು. ಅದು ಅವಳಿಗೆ ಎಷ್ಟು ಹಿಡಿಸಿತೆಂದರೆ ಆಗಲೇ ಹಿಡಿಯನ್ನೂ ಕೂರಿಸಿಬಿಟ್ಟಳು.

ಹಿಂತಿರುಗಿದ ಮಾವ ಹುಬ್ಬೇರಿಸಿದರು. "ಇದೇನಮ್ಮ, ಮುಖ ತೊಳೆಯದೆ ಮಗೂನ ಸ್ಕೂಲಿಗೆ ಕಳಿಸಿದ ಹಾಗಿದೆ."

"ಸುತ್ತಿಗೆ ಏಟು ಕಾಣ್ಲಿ ಅಂತ ಬಿಟ್ಟೆ ಮಾವ."

"ಏಟು ತಿಂದದ್ದನ್ನ ಯಾರಾದ್ರೂ ಊರಿಗೆಲ್ಲ ತೋರಿಸ್ತಾರಾ?"

ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜೊತೆ ವಾದವೇಕೆಂದು ಅವಳು ಅದನ್ನು ಗೋಡೆಯ ಗೂಡಿನಲ್ಲಿಟ್ಟಳು.

ಅಷ್ಟರಲ್ಲಿ ಕ್ಯಾಂಟೀನಿನ ಅಡುಗೆಯಾಕೆ ಚಾಕು ಕೊಳ್ಳಲು ಚೀಲದ ತುಂಬ ಆಲೂಗಡ್ಡೆ ಹೊತ್ತೇ ಬಂದರು. ಮಾವ ಕೊಟ್ಟ ಥಳಥಳಿಸುವ ಚಾಕುವಿನಿಂದ ಒಂದನ್ನು ಹೆಚ್ಚಿ ನೋಡಿದರು. ಬಿಲ್ಲೆಗಳೆಲ್ಲ ಅಲಗಿಗೆ ಮೆತ್ತಿಕೊಂಡವು.

"ಒಂದೊಂದನ್ನೇ ಕೀಳ್ತಾ ಕೂತರೆ ಮಧ್ಯಾಹ್ನದ ಊಟ ರಾತ್ರಿಗಾಗತ್ತೆ ಅಣ್ಣ. ಗೂಡಲ್ಲಿರೋ ಆ ಕರೀದು ಕೊಡಿ, ನೋಡೋಣ."

"ಅದಿನ್ನೂ ಆಗಿಲ್ಲ," ಅಂದರು ಮಾವ.

"ಆಗಿದೆ," ಅಂದಳು ಸೊಸೆ, ನೆಲ ನೋಡುತ್ತ.

ಗುಳಿಬಿದ್ದ ಅಲಗಿನಿಂದ ಬಿಲ್ಲೆಗಳು ಒಂದೊಂದಾಗಿ ಕಳಚಿ ಬಿದ್ದವು. ಮಾವ ಕಣ್ಣು ಕಿರಿದು ಮಾಡಿ ನೋಡಿದರು, ಚಾಕು ಇಸಿದುಕೊಂಡು ತಾವೇ ಒಂದು ಹೆಚ್ಚಿದರು, ಮತ್ತೊಂದು, ಮಗದೊಂದು.

"ಸಾಕಣ್ಣ, ನಮ್ಮ ಅಡುಗೆಗೂ ಒಂದಿಷ್ಟು ಉಳಿಸಿ," ಎಂದು ನಕ್ಕ ಆಕೆ ಕರಿ ಚಾಕುವನ್ನೇ ಕೊಂಡರು.

ಸಂಜೆಯವರೆಗೂ ಮಾವ ತಮ್ಮ ಹೊಳೆಯುವ ಅಲಗುಗಳನ್ನೇ ತಿರುವಿ ತಿರುವಿ ನೋಡಿದರು. ಸೊಸೆಗೆ ಹೆಮ್ಮೆಗಿಂತ ಅಳುಕೇ ಹೆಚ್ಚು. ಕೊನೆಗೆ ಅವರು ಹೊಸ ಅಲಗೊಂದನ್ನು ಅವಳ ಮುಂದಿಟ್ಟು, "ಗುಳಿ ಎಷ್ಟು ಆಳ ಇರ್ಬೇಕು, ತೋರ್ಸಮ್ಮ," ಅಂದರು. ಅವಳು ಸುತ್ತಿಗೆ ಎತ್ತಿಕೊಂಡಳು.

ಈಗ ಯಾರೇ ಬರಲಿ, ಏನು ಕುಯ್ಯುತ್ತೀರಿ ಎಂಬುದೇ ಮೊದಲ ಪ್ರಶ್ನೆ. ಒಮ್ಮೆ ಒರೆಸಿದರೆ ಜಿಡ್ಡೆಲ್ಲ ಹೋಗಬೇಕು ಎನ್ನುವ ಮೀನಿನವನಿಗೆ ಕನ್ನಡಿ ಹೊಳಪೇ ಆಯಿತು. ಹೂವಿನಂಗಡಿಯಾಕೆ ಬಂದಾಗ ಮಾತ್ರ ಮಾವ ಹೊಳಪು ಎಂದರು, ಸೊಸೆ ಎಮೆರಿಯ ಸಣ್ಣ ಗೆರೆಗಳನ್ನು ಉಳಿಸಿದ ಮಬ್ಬು ಮೆರುಗು ಎಂದಳು. ಇಬ್ಬರ ವಾದ ಮುಗಿಯದ್ದು ಕಂಡು ಆಕೆ ಎದುರಂಗಡಿಯಲ್ಲಿ ಚಹಾ ಕುಡಿದು ಬಂದರು. ಆಗಲೂ ಮುಗಿದಿರಲಿಲ್ಲ.